ಪಿಎಚ್.ಡಿ. ಪ್ರವೇಶ: ‘ನೆಟ್’ ತೇರ್ಗಡೆಯಾದರಷ್ಟೇ ಸಾಲದು

ಬೆಂಗಳೂರು: ಎಂ.ಎಸ್ಸಿ. ಮುಗಿಸಿ ‘ನೆಟ್’ ತೇರ್ಗಡೆಯಾದರೆ ಪಿಎಚ್.ಡಿ. ಸ್ಥಾನ ಸಿಕ್ಕಂತೆಯೇ ಎಂದು ನಂಬಿರುವ ವಿಜ್ಞಾನ ವಿದ್ಯಾರ್ಥಿಗಳು ಅನೇಕರಿದ್ದಾರೆ. ಆದರೆ ಅರ್ಹತೆ ಬೇರೆ, ಪ್ರವೇಶ ಬೇರೆ. ಈ ವ್ಯತ್ಯಾಸ ತಿಳಿಯದೆ ಕಾಯುತ್ತ ಕುಳಿತವರ ಅಂಕಗಳು ವರ್ಷದೊಳಗೆ ನಿರುಪಯುಕ್ತವಾಗುವ ಸಾಧ್ಯತೆ ಇದೆ.

ಮೊದಲ ಹಂತ ಶೈಕ್ಷಣಿಕ ಅರ್ಹತೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಅಗತ್ಯ. ನಾಲ್ಕು ವರ್ಷಗಳ ಪದವಿ ಪಡೆದವರು ಶೇ 75 ಅಂಕ ಗಳಿಸಿದ್ದರೆ ನೇರವಾಗಿ ಅರ್ಜಿ ಸಲ್ಲಿಸಬಹುದು. ಪರಿಶಿಷ್ಟ ಜಾತಿ, ಪಂಗಡ ಮುಂತಾದ ವರ್ಗಗಳಿಗೆ ಶೇ 5ರ ರಿಯಾಯಿತಿ ಇದೆ. ರಾಜ್ಯ ಸರ್ಕಾರ 2024-25ನೇ ಸಾಲಿನಿಂದ ಮೂರು ವರ್ಷಗಳ ಪದವಿ ಕ್ರಮಕ್ಕೆ ಮರಳಿದ್ದು, ಆ ಪದವಿ ಪಡೆಯುವವರಿಗೆ ಎರಡು ವರ್ಷಗಳ ಎಂ.ಎಸ್ಸಿ. ಅನಿವಾರ್ಯ.

ಎರಡನೆಯದು ಪರೀಕ್ಷೆ. ಪ್ರವೇಶ ಪರೀಕ್ಷೆಯ ಬದಲು ‘ನೆಟ್’ ಅಂಕಗಳನ್ನು ಬಳಸಬಹುದೆಂದು ಯುಜಿಸಿ 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು. ವಿಜ್ಞಾನ ವಿಷಯಗಳಿಗೆ ನಡೆಯುವುದು ಸಿಎಸ್ಐಆರ್-ಯುಜಿಸಿ ನೆಟ್. ಇದರಲ್ಲಿ ಅರ್ಹರಾದವರನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಮೊದಲ ವರ್ಗದವರಿಗೆ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್ಎಫ್), ಸಹಾಯಕ ಪ್ರಾಧ್ಯಾಪಕ ಹುದ್ದೆ ಹಾಗೂ ಪಿಎಚ್.ಡಿ. ಪ್ರವೇಶ, ಈ ಮೂರಕ್ಕೂ ಅರ್ಹತೆ ದೊರೆಯುತ್ತದೆ. ಎರಡನೆಯ ವರ್ಗದವರಿಗೆ ಫೆಲೋಶಿಪ್ ಇಲ್ಲ. ಉಳಿದೆರಡಕ್ಕೆ ಅರ್ಹತೆ ಉಂಟು. ಮೂರನೆಯ ವರ್ಗದವರು ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರು.

ಕೊನೆಯ ಎರಡು ವರ್ಗದವರ ಆಯ್ಕೆಯಲ್ಲಿ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30ರ ಪ್ರಾಶಸ್ತ್ಯವಿದೆ. ಪ್ರವೇಶದ ಮಟ್ಟಿಗೆ ಇವರ ಅಂಕಗಳ ಸಿಂಧುತ್ವ ಒಂದೇ ವರ್ಷ. ವಿಶ್ವವಿದ್ಯಾಲಯದ ಅಧಿಸೂಚನೆ ತಡವಾದರೆ ಮತ್ತೆ ಪರೀಕ್ಷೆ ಬರೆಯಬೇಕಾದೀತು.

ಫೆಲೋಶಿಪ್ ಇರುವ ಮತ್ತು ಇಲ್ಲದವರ ನಡುವಣ ಅಂತರವೂ ಸಣ್ಣದಲ್ಲ. ಜೆಆರ್ಎಫ್ ಮಾಸಿಕ ಮೊತ್ತವನ್ನು 2023ರ ಜನವರಿ 1ರಿಂದ ಅನ್ವಯವಾಗುವಂತೆ 31,000 ರೂಪಾಯಿಗಳಿಂದ 37,000 ರೂಪಾಯಿಗಳಿಗೆ ಏರಿಸಲಾಯಿತು. ಉಳಿದವರು ವರ್ಷಗಟ್ಟಲೆ ನಡೆಯುವ ಸಂಶೋಧನೆಗೆ ಬೇರೆ ಆಸರೆ ಹುಡುಕಿಕೊಳ್ಳಬೇಕು.

ಮೂರನೆಯದು ಮಾರ್ಗದರ್ಶಕರ ಲಭ್ಯತೆ. ಏಕಕಾಲಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತ ಹೆಚ್ಚು ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ನೀಡುವಂತಿಲ್ಲ. ಬಯಸಿದ ವಿಷಯದ ಮಾರ್ಗದರ್ಶಕರಲ್ಲಿ ಸ್ಥಾನ ತೆರವಿಲ್ಲದಿದ್ದರೆ ಉತ್ತಮ ಅಂಕವೂ ಕೈಹಿಡಿಯದು.

ರಾಜ್ಯದ ಕೆ-ಸೆಟ್ ಪರೀಕ್ಷೆಯ ಬಗೆಗೂ ಗೊಂದಲವಿದೆ. ಅದು ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆ. ಅದರಿಂದ ಜೆಆರ್ಎಫ್ ದೊರೆಯುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಕೆಲವು ವಿಭಾಗಗಳು ಗೇಟ್ ಅಂಕಗಳನ್ನೂ ಪರಿಗಣಿಸುತ್ತವೆ. ಗೇಟ್ ಅಂಕಗಳ ಸಿಂಧುತ್ವ ಮೂರು ವರ್ಷ.

ಆದ್ದರಿಂದ ಫಲಿತಾಂಶ ಕೈಸೇರಿದ ದಿನವೇ ವಿದ್ಯಾರ್ಥಿಗಳು ತಮ್ಮ ವರ್ಗ, ಅಂಕಗಳ ಸಿಂಧುತ್ವದ ಕೊನೆಯ ದಿನ ಹಾಗೂ ಮಾರ್ಗದರ್ಶಕರಲ್ಲಿ ತೆರವಿರುವ ಸ್ಥಾನಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು.