ಪಟ್ಟಿ ನೀಲಿಯಾದರೆ

ಮೊನ್ನೆ ಮೊಮ್ಮಗಳು ಶಾಲೆಯಿಂದ ಬಂದವಳೇ ಬಾಯಿ ತೆರೆದು ನಿಂತಳು. ಹಲ್ಲೆಲ್ಲ ಗುಲಾಬಿ! "ಅಜ್ಜಾ, ಹಲ್ಲಿನ ಡಾಕ್ಟರು ಗುಳಿಗಿ ಕೊಟ್ಟಿದ್ರು. ಅಗದು ಬಾಯಿ ಮುಕ್ಕಳಿಸಿದ್ವಿ. ಬಣ್ಣ ಎಲ್ಲಿ ಉಳೀತದೋ ಅಲ್ಲಿ ಹೊಲಸ ಐತಂತ. ನಿಂದೂ ನೋಡೂಣೇನು?"

ನಾನು ಬಿ.ಕಾಂ. ಓದಿ ಚಿಕ್ಕೋಡಿಯಲ್ಲಿ ಬ್ಯಾಂಕಿನ ಲೆಜರ್ ಬರೆದವನು. ರಸಾಯನಶಾಸ್ತ್ರ ನನ್ನ ಖಾತೆಯಲ್ಲ. ಆದರೆ ಅರಿಷಿಣದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುವುದನ್ನು ಯಾವ ಅಜ್ಜಿ ಕಂಡಿಲ್ಲ?

ಮೊಮ್ಮಗಳ ಗುಳಿಗೆ ಹಲ್ಲಿನ ಪಾಚಿಯನ್ನಷ್ಟೇ ತೋರಿಸುತ್ತದೆ. ಅದರಲ್ಲಿ ವಸಡು ಕೆಡಿಸುವ ಬ್ಯಾಕ್ಟೀರಿಯಾ ಇವೆಯೇ ಎಂದು ಹೇಳುವುದು 'ಬಾನಾ' ಪರೀಕ್ಷೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವಾಲ್ಟರ್ ಲೋಶ್ ಅವರ ಕೆಲಸದಿಂದ ಬಂದದ್ದು. ವೈದ್ಯರು ಹಲ್ಲು, ವಸಡಿನ ಸಂದಿಯಿಂದ ಚೂರು ಪಾಚಿ ಕೆರೆದು ಕಾಗದದ ಪಟ್ಟಿಗೆ ಹಚ್ಚುತ್ತಾರೆ. ಪಟ್ಟಿಯ ಕೆಳಭಾಗದಲ್ಲಿ ಬಾನಾ ಎಂಬ ರಾಸಾಯನಿಕ, ಮೇಲ್ಭಾಗದಲ್ಲಿ ಬಣ್ಣದ ಲೇಪ. ಮೇಲ್ಭಾಗವನ್ನು ನೀರಲ್ಲಿ ತೋಯಿಸಿ, ಪಟ್ಟಿ ಮಡಚಿ, 55 ಡಿಗ್ರಿ ಕಾವಿನಲ್ಲಿ ಕೆಲ ನಿಮಿಷ ಇಡಬೇಕು. ಪಾರ್ಫಿರೋಮೊನಾಸ್ ಜಿಂಜಿವಾಲಿಸ್, ಟ್ರೆಪೊನೆಮಾ ಡೆಂಟಿಕೋಲಾ, ಟ್ಯಾನರೆಲ್ಲಾ ಫಾರ್ಸೈಥಿಯಾ ಎಂಬ ಮೂರು ಬ್ಯಾಕ್ಟೀರಿಯಾಗಳ (ಮಕ್ಕಳೇ, ಬಾಯಿಪಾಠ ಬೇಡ!) ಹತ್ತಿರ ಬಾನಾವನ್ನು ಒಡೆಯುವ ಕಿಣ್ವವಿದೆ. ಒಡೆದ ಚೂರು ಲೇಪದೊಡನೆ ಕೂಡಿದ ಕಡೆ ನೀಲಿಗಪ್ಪು ಮೂಡುತ್ತದೆ. ಮೂರರಲ್ಲಿ ಯಾವುದೆಂದು ಪಟ್ಟಿ ಹೇಳದು. ಬೇರೆ ರೋಗಾಣುಗಳು ಅದರ ಕಣ್ಣು ತಪ್ಪಿಸಿಯೂ ಹೋಗಬಹುದು. ಅದಕ್ಕೇ ವೈದ್ಯರು ಸಣ್ಣ ಕಡ್ಡಿಯಿಂದ ಸಂದಿಯ ಆಳವನ್ನೂ ಅಳೆಯುತ್ತಾರೆ. ಆರೋಗ್ಯದ ವಸಡಿನಲ್ಲಿ ಅದು ಮೂರು ಮಿಲಿಮೀಟರ್ ದಾಟುವುದಿಲ್ಲ.

ನಮ್ಮ ನಿಪ್ಪಾಣಿ ತಂಬಾಕಿಗೆ, ಬೀಡಿಗೆ ಹೆಸರಾದ ಊರು. ಅಪ್ಪ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದರು. "ನನ್ನ ವಸಡದಾಗ ಒಂದ ಹನಿ ರಕ್ತ ಬರೂದಿಲ್ಲ, ಗಟ್ಟಿ ಅದಾವ" ಎನ್ನುವುದು ಅವರ ಹೆಮ್ಮೆ. ಸೇದುವವರ ವಸಡಿನಿಂದ ರೋಗವಿದ್ದರೂ ರಕ್ತ ಕಡಿಮೆ ಬರುತ್ತದೆ, ಹೊಗೆ ಗುರುತನ್ನೇ ಮುಚ್ಚಿಡುತ್ತದೆ ಎಂಬುದು ಆಗ ನಮಗೆ ಯಾರಿಗೆ ಗೊತ್ತು? ಐವತ್ತೈದಕ್ಕೆ ಮುಂಚೆಯೇ ಹಲ್ಲು ಒಂದೊಂದಾಗಿ ಅಲುಗಾಡಿ ಬಿದ್ದವು. ಕಟಕಲ ರೊಟ್ಟಿ ಅಂದರೆ ಪ್ರಾಣ ಬಿಡುತ್ತಿದ್ದವರು ಕಡೆಗೆ ಹಾಲಲ್ಲಿ ನೆನೆಸಿ ತಿಂದರು.

ನಾನೂ ಬ್ಯಾಂಕಿನ ಹಿಂಬಾಗಿಲಲ್ಲಿ ಇಪ್ಪತ್ತು ವರ್ಷ ಸೇದಿದವನೇ. ಮೊಮ್ಮಗಳ ಕಾಟಕ್ಕೆ ವೈದ್ಯರಲ್ಲಿ ಹೋದೆ. ಪಟ್ಟಿ ಅವರ ಬಳಿ ಇರಲಿಲ್ಲ, ಕಡ್ಡಿ ಇತ್ತು. ಎರಡು ದವಡೆ ಹಲ್ಲಿನ ಹತ್ತಿರ ಆರು ಮಿಲಿಮೀಟರ್ ಬಂತು. ನೋವು ಮಾತ್ರ ಒಂದು ದಿನವೂ ಇರಲಿಲ್ಲ. ಸೋಮವಾರ ವಸಡಿನೊಳಗೆ ಸ್ವಚ್ಛ ಮಾಡುತ್ತಾರಂತೆ. ಕೈ ಹಿಡಿಯಲು ಮೊಮ್ಮಗಳೂ ಬರುತ್ತಾಳೆ.