₹1000ದ ಆರ್ಡರ್, ಖಾತೆಗೆ ₹980: ಉಳಿದ ರೊಕ್ಕ ಎಲ್ಲಿ ಹೋತು?

ಇವತ್ತಿನ ಪ್ರಶ್ನೆ ಒಂದೇ: ಗಿರಾಕಿ ಕೊಟ್ಟ ರೊಕ್ಕ ಪೂರ್ತಿ ನಮ್ಮ ಖಾತೆಗೆ ಯಾಕ ಬರೂದಿಲ್ಲ?

ಮೊದಲು ಅಂಗಡಿಯ ಕ್ಯೂಆರ್ ಕೋಡ್. ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ವ್ಯಾಪಾರಿಗೆ ಎಂಡಿಆರ್ ಶುಲ್ಕ ಇಲ್ಲ. 2020ರ ಜನವರಿಯಿಂದ ಇದೇ ನಿಯಮ. ರುಪೇ ಡೆಬಿಟ್ ಕಾರ್ಡ್‌ಗೂ ಅಷ್ಟೇ. ಸೌಂಡ್‌ಬಾಕ್ಸ್ ಬಾಡಿಗೆ ಬೇರೆ ಲೆಕ್ಕ.

ಈಗ ಆನ್‌ಲೈನ್. ನೀವು ಇಂಡಿ ಲಿಂಬೆಯ ಉಪ್ಪಿನಕಾಯಿಯನ್ನ ವೆಬ್‌ಸೈಟ್‌ನಲ್ಲಿ ಮಾರ್ತೀರಿ ಅಂದ್ಕೊಳ್ರಿ. ಅಲ್ಲಿ ರೊಕ್ಕ ಪೇಮೆಂಟ್ ಗೇಟ್‌ವೇ ದಾಟಿ ಬರಬೇಕು. ₹1000ದ ಕಾರ್ಡ್ ಪೇಮೆಂಟ್‌ಗೆ ಶೇ 2 ಶುಲ್ಕ ಅಂದ್ರೆ ₹20. ಇದನ್ನ ಕಾರ್ಡ್ ಕೊಟ್ಟ ಬ್ಯಾಂಕ್, ಕಾರ್ಡ್ ನೆಟ್‌ವರ್ಕ್, ಗೇಟ್‌ವೇ ಕಡೆಯವರು ಹಂಚ್ಕೊಳ್ತಾರ. ಕೈಗೆ ಬರೋದು ₹980. ಸಣ್ಣದು ಅನಸ್ತದ, ಹೌದಲ್ರೀ? ಆದ್ರ ಆ ಆರ್ಡರ್‌ನಲ್ಲಿ ನಿಮ್ಮ ಲಾಭ ಬರೇ ₹100 ಇದ್ರ, ಅದರಾಗ ಐದನೇ ಒಂದು ಭಾಗ ಹೋತು!

ಹಂಗಾದ್ರ ಏನ್ ಮಾಡ್ಬೇಕು?

ಒಂದು, ಗೇಟ್‌ವೇ ತಗೊಳ್ಳೋ ಮೊದಲು ಯುಪಿಐ, ಡೆಬಿಟ್, ಕ್ರೆಡಿಟ್, ವಿದೇಶಿ ಕಾರ್ಡ್‌ಗಳ ದರ ಬೇರೆ ಬೇರೆ ಕೇಳ್ರಿ. ಎಂಡಿಆರ್ ಇಲ್ಲದಿದ್ರೂ ಕೆಲವು ಗೇಟ್‌ವೇಗಳು ಯುಪಿಐಗೂ ತಮ್ಮ ಪ್ಲಾಟ್‌ಫಾರ್ಮ್ ಶುಲ್ಕ ಹಾಕ್ತಾವ.

ಎರಡು, ರಿಫಂಡ್ ನಿಯಮ ಓದ್ರಿ. ಗಿರಾಕಿಗೆ ಪೂರ್ತಿ ರೊಕ್ಕ ವಾಪಸ್ ಕೊಟ್ಟರೂ ಸಾಮಾನ್ಯವಾಗಿ ಶುಲ್ಕ ನಿಮಗೆ ವಾಪಸ್ ಬರೂದಿಲ್ಲ.

ಮೂರು, ಬೆಲೆ ಕಟ್ಟುವಾಗಲೇ ಇದನ್ನ ಸೇರಿಸ್ರಿ. ಈ ದರದಾಗ ₹1000 ಕೈಗೆ ಬರಬೇಕಂದ್ರ ಬೆಲೆ ₹1021 ಇಡಬೇಕು.

ಇವತ್ತೇ ನಿಮ್ಮ ಸೆಟಲ್‌ಮೆಂಟ್ ರಿಪೋರ್ಟ್ ತೆಗೆದು ನೋಡ್ರಿ. ಮತ್ತ ಸಿಗೋಣ!