ಕಂಪ್ಲಿಯ ಮಣ್ಣಿನಲ್ಲಿ ಹುದುಗಿದ ನಿಧಿ

ಹಂಪೆಯ ಹಾಳುಗಳಲ್ಲಿ ನಿಧಿ ಅಗೆಯುವವರ ಕತೆಗಳನ್ನು ಕೇಳದವರಿಲ್ಲ. ಆದರೆ ಅಲ್ಲಿಗೆ ಸಮೀಪದಲ್ಲಿರುವ ಕಂಪ್ಲಿಯ ಗದ್ದೆಗಳಲ್ಲಿ ಹುದುಗಿರುವ ನಿಧಿಯನ್ನು ಬಲ್ಲವರು ಕಡಮೆ. ಅದೇ ಮಣ್ಣಿನೊಳಗಿನ ಇಂಗಾಲ.

ಪೈರು ಗಾಳಿಯಿಂದ ಹೀರಿದ ಇಂಗಾಲವು ಬೇರು, ಎಲೆ, ಕೂಳೆಗಳ ರೂಪದಲ್ಲಿ ಮಣ್ಣನ್ನು ಸೇರುತ್ತದೆ. ಅದರ ಬಹುಭಾಗ ಕೊಳೆತು ಗಾಳಿಗೆ ಮರಳಿದರೂ ಸ್ವಲ್ಪಭಾಗ ಮಣ್ಣಿನ ಕಣಗಳಿಗಂಟಿ ಬಹುಕಾಲ ನಿಲ್ಲುತ್ತದೆ. ಇಂಗಾಲವುಳ್ಳ ಮಣ್ಣು ಮೆದುವಾಗಿ, ನೀರು ಹಿಡಿದು, ಪೈರನ್ನು ಪೊರೆಯುತ್ತದೆ. ನಮ್ಮ ಪರೀಕ್ಷಾಲಯಗಳು ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕೆಳಗಿದ್ದರೆ ಕಡಮೆಯೆಂದೂ 0.75ನ್ನು ಮೀರಿದರೆ ಹೆಚ್ಚೆಂದೂ ಬರೆಯುತ್ತವೆ. ಇಷ್ಟು ಕಿರಿದಾದ ಅಂತರದಲ್ಲಿ ನೆಲದ ಭಾಗ್ಯ ಅಡಗಿದೆ!

ವಿಜಯನಗರದ ಕಾಲದ ಕಾಲುವೆಗಳು ಈ ಸೀಮೆಯಲ್ಲಿ ಇಂದಿಗೂ ಹರಿಯುತ್ತಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಹೊಸ ಕಾಲುವೆಗಳಿಗೂ ನೀರು ಬಂದಿತು. ಆ ಯೋಜನೆಯ ಹೆಚ್ಚಿನ ಭೂಮಿ ಅಲ್ಪನೀರಿನ ಬೆಳೆಗಳಿಗೆಂದು ಗೊತ್ತಾಗಿದ್ದರೂ ಕಾಲುವೆಯ ಮೇಲ್ಭಾಗದಲ್ಲೆಲ್ಲ ಭತ್ತವೇ ಹಬ್ಬಿತು. ನೀರು ಬಸಿಯದ ಎರೆನೆಲ ಕೆಲವೆಡೆ ಜೌಗಾಗಿ ಸವುಳೇರಿತು. ಸವುಳಿನಲ್ಲಿ ಪೈರು ಸೊರಗುವುದರಿಂದ ಮಣ್ಣಿಗೆ ಮರಳುವ ಇಂಗಾಲವೂ ಕುಗ್ಗುತ್ತದೆ. ನದಿಯಾಚೆಯ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಬಹುಕಾಲದಿಂದ ಈ ಸವುಳಿನ ಪರಿಹಾರಕ್ಕಾಗಿ ದುಡಿಯುತ್ತಿದೆ.

ಹಾಗೆಂದು ಭತ್ತವನ್ನೇ ದೂಷಿಸುವುದು ನ್ಯಾಯವಲ್ಲ. ನಿಂತ ನೀರಿನಡಿ ಗಾಳಿಯಾಡದೆ ಕೂಳೆ ನಿಧಾನವಾಗಿ ಕೊಳೆಯುವುದರಿಂದ ಇಂಗಾಲ ಉಳಿಯುತ್ತದೆ. ಅದೇ ಕಾರಣದಿಂದ ಮೀಥೇನ್ ಅನಿಲವೂ ಹೊಮ್ಮುತ್ತದೆ. ಗದ್ದೆಯನ್ನು ನಡುನಡುವೆ ಆರಗೊಟ್ಟರೆ ಮೀಥೇನ್ ತಗ್ಗುವುದಲ್ಲದೆ ನೀರೂ ಉಳಿಯುತ್ತದೆ.

ನಿಜವಾದ ನಷ್ಟ ಬೆಂಕಿಯದು. ಯಂತ್ರದ ಕೊಯ್ಲಿನ ಬಳಿಕ ಉಳಿದ ಹುಲ್ಲನ್ನೂ ಕಬ್ಬಿನ ರವದಿಯನ್ನೂ ಸುಟ್ಟರೆ ಒಂದು ಬೆಳೆಗಾಲದ ಗಳಿಕೆ ಗಳಿಗೆಯಲ್ಲಿ ಹೊಗೆಯಾಗುತ್ತದೆ. ಆದರೆ ಮುಂದಿನ ನಾಟಿಗೆ ಕಾಲುವೆಯ ನೀರು ಕಾಯುವುದಿಲ್ಲ, ಕೂಲಿಯೂ ದುಬಾರಿ. ರೈತ ಬೆಂಕಿಕಡ್ಡಿ ಗೀರುವುದು ಅಜ್ಞಾನದಿಂದಲ್ಲ, ಅವಸರದಿಂದ.

ಸರ್ಕಾರದ ನೀತಿಗೂ ಇದರಲ್ಲಿ ಪಾಲುಂಟು. 2010ರಲ್ಲಿ ಪೋಷಕಾಂಶಗಳಿಗನುಸಾರವಾಗಿ ಸಹಾಯಧನ ನೀಡುವ ಕ್ರಮ ಬಂದಾಗ ಯೂರಿಯಾ ಅದರ ಹೊರಗುಳಿದು ಅಗ್ಗವಾಗಿಯೇ ನಿಂತಿತು. ಕೊಟ್ಟಿಗೆ ಗೊಬ್ಬರಕ್ಕಾದರೋ ದನ ಬೇಕು, ಆಳು ಬೇಕು, ಬಂಡಿ ಬೇಕು. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡು ಇಂಗಾಲದ ಅಂಕಿಯನ್ನು ರೈತನ ಕೈಗಿತ್ತಿದೆ. ಅದನ್ನು ಏರಿಸುವ ವೆಚ್ಚವನ್ನು ಯಾರು ಹೊರಬೇಕೆಂಬುದನ್ನು ಮಾತ್ರ ಹೇಳುವುದಿಲ್ಲ.

ಸಾರಗೆಟ್ಟ ಮೇಲ್ಮಣ್ಣು ಮಳೆಗೆ ಬೇಗನೆ ಕೊಚ್ಚಿಹೋಗುತ್ತದೆ. ಮೇಲ್ಸೀಮೆಯಿಂದ ಬಂದ ಹೂಳಿನಿಂದಲೇ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿ.ಎಂ.ಸಿ.ಯಿಂದ ಸುಮಾರು 105ಕ್ಕಿಳಿದಿದೆ. ನಾಟಿಗೆ ಮುನ್ನ ಸೆಣಬನ್ನೋ ಡಯಂಚವನ್ನೋ ಬೆಳೆದು ಮಣ್ಣಿಗೆ ಸೇರಿಸುವುದು, ಹುಲ್ಲನ್ನು ಸುಡದಿರುವುದು ಹಳೆಯ ಉಪಾಯಗಳೇ. ಅವುಗಳ ಫಲ ಹೊಲದ ಬದುವನ್ನು ದಾಟಿ ಊರಿಗೆಲ್ಲ ಹರಿಯುವುದರಿಂದ, ಅನ್ನವುಣ್ಣುವ ಪಟ್ಟಣಿಗರೂ ಆ ವೆಚ್ಚದಲ್ಲಿ ಪಾಲುಗೊಳ್ಳುವುದು ಧರ್ಮವಲ್ಲವೆ?